ತಿಸ್ರಾಂ ಮನೆಯ ಮಗಳು

ಸ್ವೀಡನ್ನಿನ ಓರೆಬ್ರೂ ಊರಿನ ಲೈಬ್ರರಿಯಲ್ಲಿ ಶನಿವಾರ ಶನಿವಾರ ಸೇರುವ ಮುದುಕ ಮುದುಕಿಯರಿಗೆ ಒಂದು ಹುಚ್ಚಿದೆ. ತಮ್ಮ ಮುತ್ತಜ್ಜನ ಮುತ್ತಜ್ಜ ಯಾರು, ಅವನ ಹೆಂಡತಿ ಯಾವ ಹಳ್ಳಿಯವಳು, ಅವನ ಕೊಟ್ಟಿಗೆಯಲ್ಲಿ ಎಷ್ಟು ಹಸು ಇದ್ದವು ಎಂದು ಹುಡುಕುವ ಹುಚ್ಚು. ನಮ್ಮಲ್ಲಿ ಶ್ರಾದ್ಧದ ದಿನ ಪುರೋಹಿತರು ಮೂರು ತಲೆಮಾರಿನ ಹೆಸರು ಕೇಳಿದರೆ ಎರಡನೆಯದಕ್ಕೇ ತಡವರಿಸುವ ಗಂಡಸರಿದ್ದಾರೆ. ಇವರೋ, ಹನ್ನೊಂದನೆಯ ತಲೆಮಾರಿಗೆ ಹೋಗಿ, ಅಲ್ಲಿ ದಾರಿ ತಪ್ಪಿ, ಒಂದು ಲೋಟ ಕಾಫಿ ಕುಡಿದು, ಮುಂದಿನ ಶನಿವಾರ ಮತ್ತೆ ಅಲ್ಲಿಂದಲೇ ಶುರುಮಾಡುತ್ತಾರೆ. ಈ ಗುಂಪಿನ ನಡುವೆ ಹಣೆಗೆ ಕುಂಕುಮವಿಟ್ಟುಕೊಂಡು ಕೂರುವ ಐವತ್ತೆರಡರ ಹೆಂಗಸು ಒಬ್ಬಳು. ಹೆಸರು ಕುಮುದಾ.

ಕುಮುದಾ ಅಲ್ಲಿಗೆ ಹೋಗಲು ಶುರುಮಾಡಿದ್ದು ಪೂರ್ವಜರ ಮೇಲಿನ ಪ್ರೀತಿಯಿಂದ ಅಲ್ಲ. ಅವಳು ಕೆಲಸ ಮಾಡುವ ದಾಗಿಸ್‌ನಲ್ಲಿ, ಅಂದರೆ ಚಿಕ್ಕಮಕ್ಕಳನ್ನು ಹಗಲು ನೋಡಿಕೊಳ್ಳುವ ಶಾಲೆಯಲ್ಲಿ, ಮೂರು ವರ್ಷದ ಮಕ್ಕಳು ಅವಳ ಸ್ವೀಡಿಷ್ ತಿದ್ದುತ್ತಿದ್ದವು. ಮಾನ ಹೋಗುತ್ತದಲ್ಲ. ಯಾರಾದರೂ ದೊಡ್ಡವರ ಜೊತೆ ಮಾತಾಡಿ ಕಲಿಯೋಣವೆಂದು ಲೈಬ್ರರಿಗೆ ಹೋದಳು. ಹೋದವಳ ಮುಂದೆ ಗುನ್‌ಬ್ರಿತ್ ಎಂಬ ಎಪ್ಪತ್ತೆಂಟರ ಮುದುಕಿ, ಅಂಚೆ ಕಚೇರಿಯಿಂದ ನಿವೃತ್ತಳಾದವಳು, ಒಂದು ಹಳೆಯ ಫ್ರೆಂಚ್ ಕಾಗದ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದಳು. ನಾನೂರು ವರ್ಷದ ಹಿಂದೆ ಕಬ್ಬಿಣ ಕರಗಿಸುವ ಕೆಲಸಕ್ಕೆ ಫ್ರೆಂಚ್ ಮಾತಾಡುವ ಕಮ್ಮಾರರನ್ನು ಈ ಸೀಮೆಗೆ ಕರೆತಂದಿದ್ದರಂತೆ. ವಲೋನರು ಎನ್ನುತ್ತಾರೆ. ತಮ್ಮ ಮೈಯಲ್ಲಿ ಅವರ ರಕ್ತ ಒಂದು ತೊಟ್ಟು ಇದೆ ಎಂದು ಗೊತ್ತಾದರೆ ಸಾಕು, ಇಲ್ಲಿಯವರಿಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಕುಮುದಾ ಹಿಂದಿನಿಂದ ಬಗ್ಗಿ ನೋಡಿ, ಆ ಕಾಗದವನ್ನು ಸರಾಗವಾಗಿ ಓದಿಬಿಟ್ಟಳು.

ಅಂದಿನಿಂದ ಅವಳಿಗೆ ಅಲ್ಲಿ ಸಿಕ್ಕ ಮರ್ಯಾದೆ ಅಷ್ಟಿಷ್ಟಲ್ಲ. ಅವಳು ಬರುವ ಮುಂಚೆ ಯಾರೂ ದಾಲ್ಚಿನ್ನಿ ಬನ್ ಮುಟ್ಟುತ್ತಿರಲಿಲ್ಲ.

ಬೆಟಗೇರಿಯ ಸೊಸೆಗೆ ಫ್ರೆಂಚ್ ಹೇಗೆ ಬಂತು ಎಂದು ಕೇಳುವವರಿಗೆ ಕುಮುದಾ ಖುಷಿಯಿಂದ ಹೇಳುತ್ತಿದ್ದಳು. ಅವಳು ಹುಟ್ಟಿದ್ದು ಪಾಂಡಿಚೇರಿಯಲ್ಲಿ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಫ್ರೆಂಚ್, ಮನೆಯಲ್ಲಿ ಕನ್ನಡ. ಯಾವುದೋ ಕಾಲದಲ್ಲಿ ಮೈಸೂರು ಸೀಮೆಯಿಂದ ಮಗ್ಗ ಹೊತ್ತುಕೊಂಡು ಇಳಿದುಹೋದ ದೇವಾಂಗದವರು ಅವರು. ಕುಲದೇವತೆ ಚೌಡೇಶ್ವರಿ, ಕುಲಕಸುಬು ನೀಲಿ ಬಟ್ಟೆ. ಅವಳ ತಂದೆ ಮಹಾಬಲೇಶ್ವರ ಮಾತ್ರ ಮಗ್ಗ ಮುಟ್ಟಲಿಲ್ಲ. ವಕೀಲರೊಬ್ಬರ ಬಳಿ ನಲವತ್ತು ವರ್ಷ ದಸ್ತಾವೇಜು ನಕಲು ಮಾಡುವ ಗುಮಾಸ್ತರಾಗಿದ್ದರು. ರಜೆ ಬಂದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಫ್ರೆಂಚ್ ಬರವಣಿಗೆಯನ್ನು ಓದಲು ಕಲಿಸುತ್ತಿದ್ದರು. ಅವಳ ತಮ್ಮ ಸುದರ್ಶನನಿಗೆ ಅದೆಲ್ಲ ಬೇಕಿರಲಿಲ್ಲ. ಅವನು ಕಡಲ ದಂಡೆಯಲ್ಲಿರುತ್ತಿದ್ದ. ಹಾಗಾಗಿ ಅಪ್ಪನ ವಿದ್ಯೆಯೆಲ್ಲ ಮಗಳ ಪಾಲಾಯಿತು.

ಅಪ್ಪ ಹೇಳಿದ ಕಥೆಗಳಲ್ಲಿ ಮುತ್ತಜ್ಜ ಚೌಡಯ್ಯನದೇ ದೊಡ್ಡದು. ಫ್ರೆಂಚರ ಕಾಲದಲ್ಲಿ ಒಂದು ಕಾನೂನು ಬಂತು. ಯಾರು ತಮ್ಮ ಜಾತಿಯ ಕಟ್ಟಳೆ ಬಿಟ್ಟು ಫ್ರೆಂಚ್ ಕಾನೂನಿಗೆ ಒಳಪಡುತ್ತಾರೋ ಅವರು ಪ್ರಜೆಗಳು. ಆದರೆ ಒಂದು ಮನೆತನದ ಹೆಸರು ಇಟ್ಟುಕೊಳ್ಳಬೇಕು. ನಮ್ಮವರಿಗೆ ಮನೆತನದ ಹೆಸರೆಲ್ಲಿತ್ತು? ಅಪ್ಪನ ಹೆಸರು, ಊರಿನ ಹೆಸರು, ಮುಗಿಯಿತು. ಆಗ ಚೌಡಯ್ಯನಿಗೆ ಇದ್ದದ್ದು ಮೂವರು ಹೆಣ್ಣುಮಕ್ಕಳು. ಗಂಡು ಹುಟ್ಟಿದ್ದು ಆಮೇಲೆ. ತಾನು ಸತ್ತರೆ ಮಗ್ಗ, ಮನೆ ಎಲ್ಲ ಅಣ್ಣತಮ್ಮಂದಿರ ಪಾಲಾಗುತ್ತದೆ, ಫ್ರೆಂಚ್ ಕಾನೂನಿನಲ್ಲಾದರೆ ಹೆಣ್ಣಿಗೂ ಸಮಪಾಲು ಎಂದು ಯಾರೋ ಹೇಳಿದರು. ಆತ ಅಂಗವಸ್ತ್ರ ಕೊಡವಿಕೊಂಡು ಕಚೇರಿಗೆ ಹೋದ. ಅಲ್ಲಿಯ ಸಾಹೇಬ, ನಿನ್ನ ಕೆಲಸ ಏನು ಎಂದು ಕೇಳಿ, ಫ್ರೆಂಚ್‌ನಲ್ಲಿ ನೇಕಾರನಿಗೆ ಏನನ್ನುತ್ತಾರೋ ಅದನ್ನೇ ಬರೆದುಕೊಂಡ. ತಿಸ್ರಾಂ. ಅಂದಿನಿಂದ ಅದು ತಿಸ್ರಾಂ ಮನೆ. ನೆಂಟರು ಆರು ತಿಂಗಳು ಆ ಮನೆಯಲ್ಲಿ ನೀರು ಕುಡಿಯಲಿಲ್ಲವಂತೆ, ಆಮೇಲೆ ಮದುವೆಯ ಊಟಕ್ಕೆ ಬಂದರಂತೆ.

ಹೆಸರು ಫ್ರೆಂಚಾದರೂ ಇಡುವ ಪದ್ಧತಿ ನಮ್ಮದೇ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು, ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು. ಫ್ರೆಂಚರ ಜನನಪುಸ್ತಕದಲ್ಲಿ ಒಂದು ತಲೆ ಬಿಟ್ಟು ಒಂದು ತಲೆ ಅದೇ ಹೆಸರು ಬರುತ್ತದೆ. ಗುನ್‌ಬ್ರಿತ್‌ಗೆ ಇದನ್ನು ಹೇಳಿದಾಗ ಅವಳು, ನಮ್ಮಲ್ಲೂ ಪೇರನ ಮಗ ಆಂಡೆಶ್, ಆಂಡೆಶನ ಮಗ ಪೇರ್, ಇದರಲ್ಲೇ ನನ್ನ ಕಣ್ಣು ಹೋಯಿತು ಎಂದು ನಕ್ಕಳು. ಹಾಗೆ ಅಜ್ಜಿಯ ಹೆಸರಾದ ಜಾನಕಿ ನಮ್ಮ ಕುಮುದಾಳಿಗೆ ಬಂದಿತ್ತು. ಫ್ರೆಂಚ್ ಜನನಪುಸ್ತಕದಲ್ಲಿ ತಿಸ್ರಾಂ ಜಾನಕಿ ಎಂದೇ ಬರೆಸಿದ್ದರು. ಅತ್ತೆಯ ಹೆಸರು ಬಾಯಲ್ಲಿ ಹೇಳಬಾರದಲ್ಲ, ಅದಕ್ಕೆ ಅಮ್ಮ ಮಾತ್ರ ಅವಳನ್ನು ಅಮ್ಮಣ್ಣಿ ಎನ್ನುತ್ತಿದ್ದಳು.

ಜಾನಕಿ ಕುಮುದಾ ಆದದ್ದು ಮದುವೆಯ ದಿನ. ಗಂಡ ಬದರಿನಾಥ ಬೆಟಗೇರಿಯ ದೇವಾಂಗದವನು, ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಎಂಜಿನಿಯರು. ಅವರ ಕಡೆ ಮನೆಗೆ ಬರುವ ಸೊಸೆಗೆ ಹೊಸ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಉಂಗುರದಿಂದ ಹೆಸರು ಬರೆಸುತ್ತಾರೆ. ಆ ತಟ್ಟೆ ಹಿಡಿದು ನಿಂತವನು ಸುದರ್ಶನ. ಅಪ್ಪ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡರು. ಪಾಸ್‌ಪೋರ್ಟು, ಬ್ಯಾಂಕು, ಎಲ್ಲ ಕಡೆ ಅವಳು ಕುಮುದಾ ಬದರಿನಾಥ ಆದಳು. ಮದುವೆಯಾದ ನಾಲ್ಕನೆಯ ವರ್ಷ ಒಮ್ಮೆ, "ಅಪ್ಪ, ನನ್ನ ಫ್ರೆಂಚ್ ಪೌರತ್ವದ ಕಾಗದ ಏನಾಯ್ತು?" ಎಂದು ಕೇಳಿದ್ದಕ್ಕೆ ಅವರು, "ಹೊರಗಿನವರನ್ನ ಮದುವೆ ಆದ್ಮೇಲೆ ಅದು ಹೋಯ್ತಮ್ಮ. ಇನ್ನು ಕೇಳಬೇಡ" ಎಂದಿದ್ದರು. ಅಪ್ಪ ಹೇಳಿದ ಮೇಲೆ ಮುಗಿಯಿತು. ಅವಳು ಮತ್ತೆ ಕೇಳಲಿಲ್ಲ.

ಇಷ್ಟೇ ಆಗಿದ್ದರೆ ಇದೊಂದು ಫೀಕಾ, ಅಂದರೆ ಇಲ್ಲಿಯವರ ಕಾಫಿ ವಿರಾಮದ ಕಥೆ, ಬನ್ ಜೊತೆ ಹೇಳಿ ಮುಗಿಸಬಹುದಿತ್ತು. ಆದರೆ ಈ ವರ್ಷ ಮೇ ತಿಂಗಳಲ್ಲಿ ಮಗಳಿಗೆ ಒಂದು ಪತ್ರ ಬಂತು.

ಮಗಳು ಅಹನಾ. ಒಂಬತ್ತು ವರ್ಷದವಳಾಗಿ ಈ ದೇಶಕ್ಕೆ ಬಂದವಳು, ಈಗ ಇಪ್ಪತ್ತೊಂದು. ಓರೆಬ್ರೂ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಎರಡನೆಯ ವರ್ಷ. ಕನಸೂ ಸ್ವೀಡಿಷ್‌ನಲ್ಲಿ ಬೀಳುತ್ತದೆ ಎನ್ನುವ ಹುಡುಗಿ. ಮೊದಲ ಸಲ ಬಂದು ನೆಲೆ ಸಿಗುವಷ್ಟರಲ್ಲಿ ಬದರಿನಾಥನ ತಾಯಿ ಹಾಸಿಗೆ ಹಿಡಿದರು. ಒಂದು ವರ್ಷಕ್ಕೂ ಮೇಲೆ ಎಲ್ಲರೂ ಬೆಟಗೇರಿಗೆ ಹೋಗಿ ಅವರ ಸೇವೆ ಮಾಡಿ, ಕಳಿಸಿಕೊಟ್ಟು, ಮತ್ತೆ ಬಂದರು. ಬಂದಾಗ ಪರ್ಮಿಟ್ಟಿನ ವರ್ಷಗಳ ಎಣಿಕೆ ಮತ್ತೆ ಒಂದರಿಂದ. ಆ ಎಣಿಕೆ ಮುಗಿದು ಅಪ್ಪ ಅಮ್ಮನಿಗೆ ಖಾಯಂ ಪರವಾನಗಿ ಸಿಗುವ ಹೊತ್ತಿಗೆ ಮಗಳಿಗೆ ಇಪ್ಪತ್ತೊಂದು ತುಂಬಿಬಿಟ್ಟಿತ್ತು. ಇಪ್ಪತ್ತೊಂದು ತುಂಬಿದವಳು ಕಾನೂನಿನ ಲೆಕ್ಕದಲ್ಲಿ ಮಗುವಲ್ಲ, ತಂದೆತಾಯಿಯ ನೆರಳಿನಲ್ಲಿ ಇರುವಂತಿಲ್ಲ. ಆಗಸ್ಟ್ ಇಪ್ಪತ್ತೆಂಟರೊಳಗೆ ದೇಶ ಬಿಡಬೇಕು ಎಂದಿತ್ತು ಪತ್ರದಲ್ಲಿ.

"ಅಮ್ಮಾ, ನಾನು ಎಲ್ಲಿಗೆ ಹೋಗ್ಲಿ?" ಎಂದು ಅಹನಾ ಕೇಳಿದಳು. "ಬೆಟಗೇರಿಲಿ ನಂಗೆ ಯಾರ್ ಗೊತ್ತು? ಮನೆ ಕೂಡ ಬೀಗ ಹಾಕಿದೆ." ಬದರಿನಾಥ ಪತ್ರವನ್ನು ನಾಲ್ಕು ಸಲ ಓದಿ, ಅದನ್ನು ಮಡಿಸಿ, ಬಾಲ್ಕನಿಗೆ ಹೋಗಿ ನಿಂತುಬಿಟ್ಟ.

ಆ ಶನಿವಾರ ಲೈಬ್ರರಿಯಲ್ಲಿ ಕುಮುದಾ ಬನ್ ಮುಟ್ಟಲಿಲ್ಲ. ಗುನ್‌ಬ್ರಿತ್ ಬಿಡುವವಳೇ? ಎಲ್ಲ ಹೇಳಿಸಿದಳು. ಹೇಳಿಸಿ, ಕನ್ನಡಕ ಮೇಲೆ ತಳ್ಳಿ, ನಿಧಾನವಾಗಿ ಕೇಳಿದಳು. "ನಿನ್ನ ಅಪ್ಪ ಕೊನೆಯವರೆಗೂ ಫ್ರೆಂಚ್ ಪ್ರಜೆ ಅಂತ ನೀನೇ ಹೇಳಿದ್ದೀಯ. ನಿನ್ನ ಹುಟ್ಟು ಫ್ರೆಂಚ್ ಪುಸ್ತಕದಲ್ಲಿದೆ ಅಂತಲೂ ಹೇಳಿದ್ದೀಯ. ಹಾಗಾದರೆ ನೀನು ಯಾರು?"

"ಮದುವೆ ಆದ ಮೇಲೆ ಅದು ಹೋಯಿತು. ಅಪ್ಪ ಹೇಳಿದ್ದರು."

"ಯಾವ ಕಾನೂನಿನ ಪ್ರಕಾರ?"

ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ವಿಳಾಸ ಸರಿಯಿಲ್ಲದ ಪತ್ರಗಳನ್ನೆಲ್ಲ ಮುಟ್ಟಿಸಿದ ಮುದುಕಿ ಅವಳು. ಅಲ್ಲೇ ಕೂತು ಇಬ್ಬರೂ ಹುಡುಕಿದರು. ಕುಮುದಾ ಮದುವೆಯಾಗುವ ಹೊತ್ತಿಗೆ, ಪರದೇಶದವನನ್ನು ಮದುವೆಯಾದರೆ ಹೆಣ್ಣಿನ ಪೌರತ್ವ ಹೋಗುವ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಅವಳದು ಹೋಗಿರಲೇ ಇಲ್ಲ. ತಾಯಿ ಫ್ರೆಂಚ್ ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಹುಟ್ಟಿನಿಂದಲೇ ಫ್ರೆಂಚ್. ಎರಡೂ ಒಂದೇ ಒಕ್ಕೂಟದ ದೇಶಗಳಾದ್ದರಿಂದ ಫ್ರೆಂಚ್ ಹುಡುಗಿ ಸ್ವೀಡನ್ನಿನಲ್ಲಿ ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬೇಕಾದದ್ದು ಒಂದೇ, ಜಾನಕಿ ತಿಸ್ರಾಂ ಎಂಬವಳ ಜನನಪತ್ರ.

ಪಾಪ, ಅಪ್ಪನಿಗೆ ಕಾನೂನು ಬದಲಾದದ್ದು ಗೊತ್ತಿರಲಿಲ್ಲ ಎಂದುಕೊಂಡಳು ಕುಮುದಾ. ನಲವತ್ತು ವರ್ಷ ವಕೀಲರ ಮನೆಯ ದಸ್ತಾವೇಜು ಬರೆದ ಮನುಷ್ಯನಿಗೆ ಅಷ್ಟು ಗೊತ್ತಿರುವುದಿಲ್ಲವೇ ಎಂಬ ಪ್ರಶ್ನೆ ಅವಳ ತಲೆಗೆ ಬರಲಿಲ್ಲ. ಬರುವುದಾದರೂ ಹೇಗೆ? ಅಪ್ಪ ಅಂದರೆ ಅಪ್ಪ. ಅಂದೇ ಫ್ರಾನ್ಸಿನ ಕಚೇರಿಗೆ ಅರ್ಜಿ ಹೋಯಿತು. ಪರದೇಶಗಳಲ್ಲಿ ಹುಟ್ಟಿದ ಫ್ರೆಂಚ್ ಪ್ರಜೆಗಳ ಪುಸ್ತಕಗಳೆಲ್ಲ ಒಂದೇ ಊರಿನಲ್ಲಿವೆ. ಮನೆಗೆ ಬಂದು ಅವಳು ಎಷ್ಟೋ ದಿನದ ಮೇಲೆ ಹೋಳಿಗೆ ಮಾಡಿದಳು. ಅಹನಾ ಎರಡು ತಿಂದು, "ಮುತ್ತಜ್ಜ ಚೌಡಯ್ಯ ಈಸ್ ಮೈ ಫೇವರಿಟ್ ಪರ್ಸನ್" ಎಂದಳು. "ಮೂರು ಹೆಣ್ಣುಮಕ್ಕಳಿಗೋಸ್ಕರ ಹೆಸರು ಬದಲಾಯಿಸ್ಕೊಂಡ್ನಲ್ಲ, ಈಗ ನಾಲ್ಕನೇವ್ಳು ನಾನು."

ಸುದರ್ಶನ ಇದ್ದದ್ದು ಫ್ರಾನ್ಸಿನ ಲಿಯೋನಿನಲ್ಲಿ. ಇಪ್ಪತ್ತೇಳು ವರ್ಷದಿಂದ ಅಲ್ಲೇ. ಟ್ರಾಮ್ ಓಡಿಸುತ್ತಾನೆ. ಭಾನುವಾರ ತಪ್ಪದೆ ಅಕ್ಕನಿಗೆ ಫೋನು. ಗೌರಿ ಹಬ್ಬಕ್ಕೆ ತವರಿನ ಕಡೆಯಿಂದ ಸೀರೆ ಕಳಿಸುವವನು ಅವನೇ. ಅಂಥ ತಮ್ಮನಿಗೆ ಈ ಸುದ್ದಿ ಹೇಳಿದರೆ ಕುಣಿದಾಡುತ್ತಾನೆ ಎಂದುಕೊಂಡಿದ್ದಳು.

"ಬೇಡ ಬಿಡಕ್ಕ," ಎಂದ ಅವನು. "ಆ ಪುಸ್ತಕ ಎಲ್ಲ ಹಳೇದು. ಏನೇನು ತಪ್ಪು ಬರ್ದಿರ್ತಾರೋ. ಬೇರೆ ಏನಾದ್ರೂ ದಾರಿ ನೋಡೋಣ."

"ಬೇರೆ ದಾರಿ ಇದ್ದಿದ್ರೆ ಇದಕ್ಕೆ ಯಾಕೋ ಕೈ ಹಾಕ್ತಿದ್ದೆ?"

"ಅಲ್ಲ, ಸುಮ್ನೆ ಆಸೆ ಇಟ್ಕೋಬೇಡ ಅಂತ." ಎಂದೂ ಅವಸರ ಮಾಡದವನು ಟ್ರಾಮಿಗೆ ಹೊತ್ತಾಯಿತೆಂದು ಫೋನ್ ಇಟ್ಟ.

ಜೂನ್ ಕೊನೆಯ ವಾರ ಲಕೋಟೆ ಬಂತು. ಕುಮುದಾ ದಾಗಿಸ್‌ನಿಂದ ಬಂದು, ಚಪ್ಪಲಿಯನ್ನೂ ಬಿಡದೆ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಒಡೆದಳು. ಫ್ರೆಂಚರ ಜನನಪುಸ್ತಕದಲ್ಲಿ ಒಂದು ಪದ್ಧತಿಯಿದೆ. ಹುಟ್ಟನ್ನು ಬರೆದ ಪುಟದಲ್ಲಿ ಅಂಚಿಗೆ ಜಾಗ ಬಿಡುತ್ತಾರೆ. ಆ ಮನುಷ್ಯ ಮದುವೆಯಾದರೆ ಅಲ್ಲೇ ಬರೆಯುತ್ತಾರೆ, ಸತ್ತರೂ ಅಲ್ಲೇ. ಒಂದೇ ಪುಟದಲ್ಲಿ ಇಡೀ ಜನ್ಮ. ಅಪ್ಪ ಹೇಳಿಕೊಟ್ಟಿದ್ದ ಪಾಠ ಇದು, ಪುಟ ನೋಡುವ ಮುಂಚೆ ಅಂಚು ನೋಡು ಎಂದು. ಅವಳು ಮೊದಲು ಅಂಚನ್ನೇ ನೋಡಿದಳು. ಮದುವೆಯ ಸುದ್ದಿ ಇರಲಿಲ್ಲ. ಎರಡೇ ಸಾಲು ಇತ್ತು. ೧೯೯೯ ಜೂನ್ ಹನ್ನೊಂದರಂದು ಸೇಲಂನಲ್ಲಿ ಮರಣ.

ಓದಿದ್ದನ್ನು ಮತ್ತೆ ಓದಿದಳು. ಹೆಸರು ಸರಿ. ಹುಟ್ಟಿದ ದಿನ ಸರಿ. ತಾಯಿಯ ಹೆಸರು, ತಂದೆಯ ಹೆಸರು, ಬೀದಿಯ ಹೆಸರು ಎಲ್ಲ ಸರಿ. ೧೯೯೯ರ ಜೂನ್‌ನಲ್ಲಿ ಅವಳು ಬೆಟಗೇರಿಯಲ್ಲಿ ಅತ್ತೆಯ ಜೊತೆ ಹಪ್ಪಳ ಒಣಗಿಸುತ್ತಿದ್ದಳು. ಸೇಲಂ ಊರನ್ನು ಅವಳು ರೈಲಿನ ಕಿಟಕಿಯಿಂದ ಬಿಟ್ಟರೆ ಕಂಡೇ ಇರಲಿಲ್ಲ. ಕುಮುದಾ ನೆಲದ ಮೇಲೆ ಕೂತಳು. ಬದುಕಿದ್ದವಳು ತನ್ನ ಸಾವಿನ ತಾರೀಖು ಓದುವುದು ಎಂಥ ಸಂಕಟ ಎಂದು ಬೇರೆಯವರಿಗೆ ಹೇಳಿ ಪ್ರಯೋಜನವಿಲ್ಲ.

ಯಾರು ಮಾಡಿದ್ದು ಎಂದು ಯೋಚಿಸಲು ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಅಮ್ಮ ತೀರಿಕೊಂಡದ್ದು ೧೯೯೮ರಲ್ಲಿ. ಪಾಂಡಿಚೇರಿಯ ಮನೆ ಅಮ್ಮನ ಹೆಸರಿನಲ್ಲಿತ್ತು. ಮರುವರ್ಷ ಆ ಮನೆ ಮಾರಾಟವಾಯಿತು. ಅದೇ ವರ್ಷ ಸುದರ್ಶನ ಫ್ರಾನ್ಸಿಗೆ ಹೋದ. ಫ್ರೆಂಚ್ ಕಾನೂನಿನ ಮನೆ, ಹೆಣ್ಣಿಗೂ ಸಮಪಾಲು. ಬದುಕಿದ್ದರಲ್ಲವೇ ಪಾಲು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಫೋನ್ ಎತ್ತಿದವನಿಗೆ ಅವಳು ನಮಸ್ಕಾರವನ್ನೂ ಹೇಳಲಿಲ್ಲ.

"ನಾನು ಯಾವಾಗ ಸತ್ತೆನೋ ಸುದಿ? ಹೇಳು. ಸೇಲಂನಲ್ಲಿ ಏನ್ ಕಾಯಿಲೆ ಬಂದಿತ್ತು ನಂಗೆ?"

ಅವನು ಬಾಯಿ ತೆರೆಯುವ ಮುಂಚೆಯೇ ಅವಳು ಮುಂದುವರಿಸಿದಳು.

"ಇಪ್ಪತ್ತೇಳು ವರ್ಷ ಭಾನುವಾರ ಭಾನುವಾರ ಸತ್ತವಳ ಹತ್ರ ಮಾತಾಡ್ತಿದ್ಯಾ? ಸತ್ತವಳಿಗೆ ಸೀರೆ ಕಳಿಸ್ತಿದ್ಯಾ?"

"ಅಕ್ಕ, ನಾನಲ್ಲ."

"ನೀನಲ್ದೆ ಇನ್ಯಾರು?"

"ನಾನಲ್ಲ ಅಕ್ಕ, ಇಷ್ಟೇ ಹೇಳ್ತೀನಿ" ಎಂದ. ಅವಳು ಬಾಯಿಗೆ ಬಂದದ್ದೆಲ್ಲ ಅಂದಳು. ಉಂಡ ಮನೆಗೆ ಎರಡು ಬಗೆದವನು ಎಂದಳು. ನಿನ್ನ ಮಕ್ಕಳಿಗೆ ಈ ಗತಿ ಬರಲಿ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡಳು. ಅವನು ಒಂದಕ್ಕೂ ಎದುರಾಡದೆ ಕೇಳಿಸಿಕೊಂಡ. ಕೊನೆಗೆ ಫೋನ್ ಇಟ್ಟವಳು ಅವಳೇ.

ಅಹನಾಗೆ, "ನಿನ್ನ ಸುದಿ ಮಾಮ ಮಾಡಿದ್ದು" ಎಂದು ಹೇಳಿದಳು. ಅಹನಾ ಅದೇ ದಿನ ತನ್ನ ಫೋನಿನಿಂದ ಮಾಮನ ನಂಬರ್ ಅಳಿಸಿದಳು. ಚಿಕ್ಕಂದಿನಲ್ಲಿ ಅವನ ಪಕ್ಕದಲ್ಲಿ ನಿಂತು ಟ್ರಾಮಿನ ಗಂಟೆ ಬಾರಿಸಿದ್ದ ಫೋಟೊ ಒಂದು ಕಪಾಟಿನ ಮೇಲಿತ್ತು. ಅದನ್ನು ತೆಗೆದು ಡ್ರಾಯರಿಗೆ ಹಾಕಿದಳು. ಬದರಿನಾಥ ಮಾತ್ರ ಮೆಲ್ಲಗೆ, "ಸುದರ್ಶನ ಅಂಥಾವ ಅಲ್ಲ ಅನಸ್ತದ" ಎಂದ. ಕುಮುದಾ ಅವನ ಕಡೆ ನೋಡಿದ ನೋಟಕ್ಕೆ ಅವನು ಮತ್ತೆ ಬಾಲ್ಕನಿಗೆ ಹೋದ.

ಗುನ್‌ಬ್ರಿತ್ ಗೊತ್ತುಮಾಡಿಕೊಟ್ಟ ವಕೀಲೆ ಫ್ರಾನ್ಸಿನಲ್ಲಿದ್ದಳು. ಸತ್ತವಳನ್ನು ಬದುಕಿಸುವುದು ಕೋರ್ಟಿನ ಕೆಲಸ ಎಂದಳು. ಮೊದಲು ಮರಣಪುಸ್ತಕದ ಪೂರ್ತಿ ಪುಟ ತರಿಸಿ, ಅಲ್ಲಿ ಸಾವನ್ನು ಬಂದು ಹೇಳಿದವರ ಹೆಸರಿರುತ್ತದೆ, ಅವರು ಸುಳ್ಳೆಂದು ಒಪ್ಪಿಕೊಂಡರೆ ಕೆಲಸ ಬೇಗ ಆಗುತ್ತದೆ ಎಂದಳು. ಕುಮುದಾ ಆ ಮಾತಿಗೆ ಜೋತುಬಿದ್ದಳು. ಸುದರ್ಶನನ ಹೆಸರು ಕೈಗೆ ಸಿಕ್ಕರೆ ಅವನನ್ನು ಕಟಕಟೆಗೆ ಎಳೆದಾದರೂ ಹೇಳಿಸುತ್ತೇನೆ ಎಂದುಕೊಂಡಳು. ಜುಲೈ ಇಡೀ ಓರೆಬ್ರೂ ಊರೇ ರಜೆಯಲ್ಲಿತ್ತು. ದಾಗಿಸ್ ಮುಚ್ಚಿತ್ತು, ಲೈಬ್ರರಿಯ ಗುಂಪು ಮುಚ್ಚಿತ್ತು. ಇವಳು ಮಾತ್ರ ದಿನಾ ಕೆಳಗಿಳಿದು ಅಂಚೆಪೆಟ್ಟಿಗೆ ತೆರೆದು ನೋಡಿ ಬರುತ್ತಿದ್ದಳು.

ಆಗಸ್ಟ್ ನಾಲ್ಕಕ್ಕೆ ಆ ಪುಟ ಬಂತು. ಈ ಸಲ ಗುನ್‌ಬ್ರಿತ್ ಪಕ್ಕದಲ್ಲೇ ಇದ್ದಳು, ತನ್ನ ತೋಟದ ಕರಂಟ್ ಹಣ್ಣು ತಂದಿದ್ದಳು. ಕುಮುದಾ ಜೋರಾಗಿ ಓದತೊಡಗಿದಳು, ಸ್ವೀಡಿಷ್‌ಗೆ ತಿರುಗಿಸಿಕೊಂಡು. ತಿಸ್ರಾಂ ಜಾನಕಿ, ಇಪ್ಪತ್ತೈದು ವರ್ಷ, ಅವಿವಾಹಿತೆ. ಜ್ವರದಿಂದ ಮರಣ. ಈ ಸಾವನ್ನು ಕಚೇರಿಗೆ ಬಂದು ಘೋಷಿಸಿದವರು. ಅಲ್ಲಿಗೆ ಅವಳ ದನಿ ನಿಂತಿತು.

ಮಹಾಬಲೇಶ್ವರ ತಿಸ್ರಾಂ, ಗುಮಾಸ್ತ, ಮೃತಳ ತಂದೆ.

ಕೆಳಗೆ ಅಪ್ಪನ ರುಜು. ದುಂಡಗೆ, ಒಂದಿಷ್ಟೂ ನಡುಗದ ರುಜು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂದು ನಮ್ಮಲ್ಲಿ ಕೇಳುತ್ತಾರೆ. ಕುಮುದಾ ಗುನ್‌ಬ್ರಿತ್‌ಗೂ ಹೇಳಬೇಕಾಗಿ ಬರಲಿಲ್ಲ. ಅವಳಿಗೂ ಓದಲು ಬರುತ್ತಿತ್ತು, ಅಷ್ಟನ್ನು ಕುಮುದಾಳೇ ಕಲಿಸಿದ್ದಳು. ಎದ್ದು ಹೋಗುವಾಗ ಅವಳು ಕುಮುದಾಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟಳು.

ಮೂರು ದಿನ ಕುಮುದಾ ಸರಿಯಾಗಿ ಊಟ ಮಾಡಲಿಲ್ಲ. ಸಿಟ್ಟಾದರೆ ಯಾರ ಮೇಲಾದರೂ ಆಗಬೇಕಲ್ಲ, ಹದಿನೆಂಟು ವರ್ಷದ ಹಿಂದೆ ತೀರಿಕೊಂಡವರ ಮೇಲೆ ಹೇಗೆ ಆಗುವುದು? ಹೋದ ಮಹಾಲಯಕ್ಕೆ ತಾನೇ ಅವರ ಹೆಸರಿನಲ್ಲಿ ಪಾಯಸ ಮಾಡಿ ಎಡೆಯಿಟ್ಟಿದ್ದಳು. ಅವಳಿಗೆ ಆ ಪಾಯಸದ ಮೇಲೂ ಸಿಟ್ಟು ಬಂತು. ನಾಲ್ಕನೆಯ ದಿನ ಮಧ್ಯಾಹ್ನ ಸುದರ್ಶನನಿಗೆ ಫೋನ್ ಮಾಡಿದಳು.

"ಗೊತ್ತಾಯ್ತಾ?" ಎಂದು ಅವನೇ ಕೇಳಿದ.

"ಯಾಕೋ? ಒಂದ್ ಮಾತು ಕೇಳಿದ್ರೆ ಸೈನ್ ಹಾಕಿ ಕೊಡ್ತಿರ್ಲಿಲ್ವೇನೋ ನಾನು? ಆ ಮನೆ ನಂಗೆ ಬೇಕಾಗಿತ್ತಾ? ಇಡೀ ಮನೆ ನಿಂಗೇ ಇರ್ಲಿ ಅಂತಿದ್ದೆ."

"ಗೊತ್ತಕ್ಕ. ಅಪ್ಪಂಗೂ ಗೊತ್ತಿತ್ತು."

ಆಮೇಲೆ ಅವನು ಇಪ್ಪತ್ತೇಳು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಹೇಳಿ ಮುಗಿಸಿದ. ಸೈನು ಹಾಕಬೇಕಾದವಳು ಜಾನಕಿ ತಿಸ್ರಾಂ. ಅವಳ ಹತ್ತಿರ ಇದ್ದ ಕಾಗದವೆಲ್ಲ ಕುಮುದಾ ಬದರಿನಾಥ ಎಂಬವಳದು. ಆ ಮದುವೆಯನ್ನು ಫ್ರೆಂಚ್ ಪುಸ್ತಕದಲ್ಲಿ ಬರೆಸಿರಲಿಲ್ಲ. ಅವಳೇ ಇವಳು ಎಂದು ತೋರಿಸಲು ಕಚೇರಿಯವರು ಹನ್ನೊಂದು ಕಾಗದ ಕೇಳಿದರು. ಬೆಟಗೇರಿಗೆ ಹೋಗಬೇಕು, ಬೀಗರ ಮುಂದೆ ಮನೆ ಮಾರುವ ವಿಷಯ ತೆಗೆಯಬೇಕು, ಅವರು ಏನನ್ನುತ್ತಾರೋ. ಕೊಳ್ಳುವವನು ಕಾಯಲು ಸಿದ್ಧನಿರಲಿಲ್ಲ. ಸುದರ್ಶನನ ಕೆಲಸವೂ ಕಾಯುತ್ತಿರಲಿಲ್ಲ. ಬದುಕಿರುವ ಮಗಳನ್ನು ತೋರಿಸಲು ಹನ್ನೊಂದು ಕಾಗದ ಬೇಕಿತ್ತು, ಸತ್ತ ಮಗಳಿಗೆ ಒಂದೇ ಸಾಕಿತ್ತು. ಅದನ್ನು ಅಪ್ಪ ಎಲ್ಲಿಂದಲೋ ತಂದರು.

"ನಾನು ಬೇಡ ಅಂದೆ ಅಕ್ಕ. ಅದಕ್ಕೆ ಅವ್ರು, ಜಾನಕಿ ಅನ್ನೋ ಹುಡುಗಿ ಈಗ ಎಲ್ಲಿದ್ದಾಳೋ, ಧಾರೆ ಎರೆದು ಕೊಟ್ಟಾಯ್ತು, ಗೋತ್ರ ಬೇರೆ ಆಯ್ತು, ಹೆಸರೂ ಹೋಯ್ತು. ಕುಮುದಾ ಇದ್ದಾಳೆ, ಚೆನ್ನಾಗಿದ್ದಾಳೆ, ಅವಳಿಗೇನೂ ಆಗಲ್ಲ ಅಂದ್ರು. ನಾನೂ ಸುಮ್ನಾದೆ. ನಂದೂ ತಪ್ಪು."

"ಆ ದಿನ ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ನೀನು ಅಪ್ಪನ ಬಗ್ಗೆ ಹೆಂಗ್ ಮಾತಾಡ್ತೀಯ ಅಂತ ಗೊತ್ತಲ್ಲ. ನನ್ನ ಬೈಕೊಂಡೇ ಇರ್ಲಿ ಅಂದ್ಕೊಂಡೆ. ಕೋರ್ಟಿಗೆ ಬರ್ತೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ. ಆದ್ರೆ ಅಹನಾ ಹತ್ರ ಮಾತ್ರ ಅಪ್ಪನ ಹೆಸರು ಕೆಡಿಸ್ಬೇಡ. ನಾನೇ ಮಾಡ್ದೆ ಅಂತ ಇರ್ಲಿ ಬಿಡು."

ವಕೀಲೆ ಎಲ್ಲ ಕೇಳಿ, ಹೇಳಿಕೆ ಕೊಟ್ಟವರೇ ಬದುಕಿಲ್ಲವಾದ್ದರಿಂದ ತಮ್ಮನ ಸಾಕ್ಷಿ, ಮದುವೆಯ ಫೋಟೊ, ಊರವರ ಮಾತು, ಎಲ್ಲ ಸೇರಿಸಿ ದಾವೆ ಹಾಕಬಹುದು ಎಂದಳು. ಗೆಲ್ಲುತ್ತೀರಿ, ಆದರೆ ಎರಡು ವರ್ಷ, ಮೂರಾದರೂ ಆಗಬಹುದು ಎಂದಳು. ಅರ್ಜಿಯ ಮೊದಲ ಸಾಲೇ ಹೀಗಿತ್ತು: ನನ್ನ ತಂದೆ ನನ್ನ ಬಗ್ಗೆ ಸುಳ್ಳು ಘೋಷಣೆ ಮಾಡಿದರು. ಕುಮುದಾ ಅದಕ್ಕೆ ರುಜು ಹಾಕಿ ಕಳಿಸಿದಳು. ಆಗಸ್ಟ್ ಇಪ್ಪತ್ತೆಂಟು ಮಾತ್ರ ಎಲ್ಲಿಗೂ ಸರಿಯಲಿಲ್ಲ.

ಅಹನಾಳನ್ನು ಬೆಂಗಳೂರಿನಲ್ಲಿ ಬದರಿನಾಥನ ಸೋದರಸೊಸೆ ಕೃತಿಯ ಮನೆಯಲ್ಲಿ ಇರಿಸುವುದೆಂದಾಯಿತು. ಅರ್ಧ ಓದಿದ ನರ್ಸಿಂಗ್ ಇಲ್ಲೇ ಉಳಿಯಿತು. ಗೆಳತಿಯರು ಬಂದು ಅತ್ತು ಹೋದರು. ಅಹನಾ ಅಳಲಿಲ್ಲ. ಅವಳು ಮಾಮನ ಮೇಲಿನ ಸಿಟ್ಟಿನಲ್ಲೇ ಎಲ್ಲ ಕೆಲಸ ಮುಗಿಸಿದಳು, ಬಟ್ಟೆ ಮಡಿಸಿದಳು, ರೂಮು ಗುಡಿಸಿದಳು. ಅವಳಿಗೆ ಆ ಸಿಟ್ಟು ಒಂದು ಊರುಗೋಲಿನ ಹಾಗೆ ಇತ್ತು. ಕುಮುದಾ ನೋಡುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಹೇಳದಿದ್ದರೆ ಅಜ್ಜ ಅಜ್ಜನಾಗಿಯೇ ಉಳಿಯುತ್ತಾರೆ. ತಮ್ಮನೂ ಅದನ್ನೇ ಬೇಡಿಕೊಂಡಿದ್ದಾನೆ.

ವಿಮಾನ ನಿಲ್ದಾಣದಲ್ಲಿ ಬದರಿನಾಥ ಪೆಟ್ಟಿಗೆಗಳ ಸಾಲಿನಲ್ಲಿ ನಿಂತಿದ್ದ. ಅಮ್ಮ ಮಗಳು ಒಂದು ಬೆಂಚಿನ ಮೇಲೆ ಕೂತರು.

"ಒಂದ್ ದಿನ ಮಾಮನ ಮುಂದೆ ನಿಂತು ಕೇಳ್ತೀನಿ," ಎಂದಳು ಅಹನಾ.

"ಅವನನ್ನ ಕೇಳ್ಬೇಡ. ಅವನಲ್ಲ." ಕುಮುದಾಳಿಗೆ ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. "ನನ್ನ ಹೆಸರಲ್ಲಿ ಒಂದು ಸುಳ್ಳು ನಡೆದು ನೀನು ಇಲ್ಲಿ ಕೂತಿದೀಯ. ಇನ್ನೊಂದು ಸುಳ್ಳು ಹೊರಿಸಿ ನಿನ್ನ ಕಳಿಸಲ್ಲ ನಾನು. ಅದನ್ನ ಬರೆಸಿದ್ದು ಅಜ್ಜ."

ಅಹನಾ ಹುಟ್ಟಿದಾಗ ಅಜ್ಜ ಬೆಟಗೇರಿಗೆ ಬಂದು ಎರಡು ತಿಂಗಳು ಇದ್ದು ಹೋಗಿದ್ದರು. ಹೆಸರಿಡುವ ದಿನ ಕಿವಿಯಲ್ಲಿ ಹೆಸರು ಹೇಳಿದವರೂ ಅವರೇ. ಈ ಮಾತು ಅವಳು ಮಗುವಾಗಿದ್ದಾಗಿನಿಂದ ಕೇಳಿದ್ದು.

"ವೇಟ್, ನನ್ನ ಎತ್ಕೊಂಡಿದ್ದಾಗ ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಆರು ವರ್ಷ ಆಗಿತ್ತು ಆಗ್ಲೇ."

"ನಿನ್ನ ಮೇಲೆ ಪ್ರೀತಿ ಇರ್ಲಿಲ್ವಾ ಅವ್ರಿಗೆ?"

ಬದರಿನಾಥ ದೂರದಿಂದ ಕೈಯೆತ್ತಿ ಕರೆದ. ಸಾಲು ಮುಂದಕ್ಕೆ ಹೋಗಿತ್ತು. ಕುಮುದಾ ಮಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಟ್ಟಳು.

"ಇತ್ತು ಪುಟ್ಟಾ. ತುಂಬಾ ಇತ್ತು. ಆದ್ರೆ ಒಂದೇ ಕಾಗದದಲ್ಲಿ ಕೆಲ್ಸ ಮುಗಿಯೋವಾಗ ಹನ್ನೊಂದು ಕಾಗದ ತರೋಷ್ಟು ಇರ್ಲಿಲ್ಲ."